ಹೆಂಡತಿ ಕಿಡ್ನ್ಯಾಪ್, ಗಂಡ ಫುಲ್ ಖುಷ್: 1959ರ ‘ಟೂ ಮೆನಿ ಕ್ರುಕ್ಸ್’

ಇವತ್ತಿನ ಸಿನಿಮಾ ‘ಟೂ ಮೆನಿ ಕ್ರುಕ್ಸ್’. ಬ್ರಿಟನ್, 1959, ಬ್ಲ್ಯಾಕ್ ಅಂಡ್ ವೈಟ್. ನಿರ್ದೇಶಕ ಮಾರಿಯೋ ಝಾಂಪಿ. ಹಳೇ ಸಿನಿಮಾ ಹುಚ್ಚಿರೋರೂ ಇದನ್ನ ನೋಡಿರೋದು ಕಡಿಮೆ. ಆದ್ರೆ ನನ್ನ ಥರ ಬಿಕಾಂ ಓದಿದವರು ನೋಡಲೇಬೇಕು.

ಬಿಲ್ಲಿ ಗಾರ್ಡನ್ ಅಂತ ಒಬ್ಬ ಬಿಸಿನೆಸ್‌ಮನ್. ಮುಂದಿನ ಹಲ್ಲುಗಳ ನಡುವೆ ಆ ಫೇಮಸ್ ಸಂದಿ ಇರೋ ಟೆರ್ರಿ-ಥಾಮಸ್ ಈ ಪಾತ್ರ ಮಾಡಿದ್ದಾರೆ. ಟ್ಯಾಕ್ಸ್ ಕಟ್ಟೋ ಮನಸ್ಸಿಲ್ಲ, ಹಾಗಾಗಿ ದುಡ್ಡೆಲ್ಲ ಕ್ಯಾಶ್, ಕ್ಯಾಶೆಲ್ಲ ಬಚ್ಚಿಟ್ಟದ್ದು. ಆಗಿನ ಬ್ರಿಟನ್‌ನಲ್ಲಿ ಅತಿ ಶ್ರೀಮಂತರ ವರಮಾನದ ಮೇಲಿನ ಸ್ಲ್ಯಾಬ್‌ಗೆ ಹತ್ತಿರಹತ್ತಿರ 90 ಪರ್ಸೆಂಟ್ ತೆರಿಗೆ ಬೀಳ್ತಿತ್ತು. ಇವನು ಯಾಕೆ ಹೀಗೆ ಅಂತ ಥಿಯೇಟರ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಈ ದುಡ್ಡಿನ ಮೇಲೆ ಒಂದು ಕಳ್ಳರ ಗ್ಯಾಂಗ್ ಕಣ್ಣು ಬೀಳುತ್ತೆ. ಒಬ್ಬರಿಗೂ ಕೆಲಸ ಬರಲ್ಲ. ಲೀಡರ್ ‘ಫಿಂಗರ್ಸ್’ ಪಾತ್ರದಲ್ಲಿ ಜಾರ್ಜ್ ಕೋಲ್, ಜೊತೆಗೆ ಸಿಡ್ ಜೇಮ್ಸ್, ಬರ್ನಾರ್ಡ್ ಬ್ರೆಸ್ಲಾ. ಮಗಳನ್ನ ಎತ್ತಾಕ್ಕೊಂಡು ಬರೋಕೆ ಹೋದೋರು ಹೆಂಡತಿ ಲೂಸಿಯನ್ನ ತರ್ತಾರೆ. ಫೋನ್ ಮಾಡಿ ದುಡ್ಡು ಕೇಳಿದ್ರೆ ಗಂಡ ಕೊಡಲ್ಲ ಅಂತಾನೆ. ರೇಟ್ ಇಳಿಸ್ತಾರೆ, ಆಗ್ಲೂ ಇಲ್ಲ. ಸಂತೆ ಮುಗಿಯೋ ಹೊತ್ತಲ್ಲಿ ಸೊಪ್ಪಿನ ಬೆಲೆ ಇಳಿದಂಗೆ ಇಳೀತಾ ಹೋಗುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಹೆಂಡತಿಯನ್ನ ಬ್ಯಾಡ್ ಡೆಟ್ ಥರ ರೈಟ್ ಆಫ್ ಮಾಡ್ಬಿಡ್ತಾನೆ.

ನಾವು ನಗ್ತಾನೇ ಇರ್ತೀವಿ. ಈ ವಿಷಯ ಲೂಸಿಗೆ ಗೊತ್ತಾದಾಗ ಮಾತ್ರ ಆ ನಗು ಸ್ವಲ್ಪ ಕಹಿ ಆಗುತ್ತೆ. ಇಷ್ಟು ವರ್ಷ ಸಂಸಾರ ಮಾಡಿದವಳು, ತನ್ನ ಬೆಲೆ ಎಷ್ಟು ಅಂತ ಕಳ್ಳರ ಬಾಯಲ್ಲಿ ಕೇಳಬೇಕು. ಬ್ರೆಂಡಾ ಡಿ ಬಾಂಝಿ ಅಳುತ್ತಾ ಕೂರಲ್ಲ. ಯುದ್ಧಕಾಲದಲ್ಲಿ ಕಲಿತ ವರಸೆ ತೋರಿಸಿ, ಆ ಗಂಡಸರನ್ನ ಎತ್ತಿ ಒಗೆದು, ಗ್ಯಾಂಗನ್ನೇ ಕೈಗೆ ತಗೋತಾಳೆ. ಡೇವಿಡ್ ಲೀನ್ ಅವರ ‘ಹಾಬ್ಸನ್ಸ್ ಚಾಯ್ಸ್’ (1954) ನೋಡಿದ್ರೆ ಗೊತ್ತಿರುತ್ತೆ, ಪೆದ್ದ ಗಂಡಸರನ್ನ ಉದ್ಧಾರ ಮಾಡೋ ಪಾತ್ರ ಈಕೆಗೆ ಹೊಸದಲ್ಲ.

ಇಲ್ಲಿಂದ ಲೂಸಿ ಗಂಡನ ದುಡ್ಡಿಗೇ ಕೈ ಹಾಕ್ತಾಳೆ. ಅವನು ಪೊಲೀಸರ ಹತ್ರ ಹೇಗೆ ಹೋಗ್ತಾನೆ? ಲೆಕ್ಕದಲ್ಲೇ ಇಲ್ಲದ ದುಡ್ಡು ಕಳುವಾಗಿದೆ ಅಂತ ಕಂಪ್ಲೇಂಟ್ ಬರೆಸೋಕಾಗುತ್ತಾ? ಬ್ಲ್ಯಾಕ್ ಮನಿ ಬಗ್ಗೆ ಇಷ್ಟು ಸರಳವಾಗಿ ನಂಗೆ ಯಾವ ಲೆಕ್ಚರರೂ ಹೇಳಿರಲಿಲ್ಲ.

ಕೋರ್ಟ್ ಸೀನ್ ಮಿಸ್ ಮಾಡ್ಬೇಡಿ. ಗಾಬರಿಯಲ್ಲಿ ಓಡಾಡೋ ಬಿಲ್ಲಿ ಮತ್ತೆ ಮತ್ತೆ ಅದೇ ಮ್ಯಾಜಿಸ್ಟ್ರೇಟ್ ಮುಂದೆ ಬಂದು ನಿಲ್ತಾನೆ. ಆ ಮ್ಯಾಜಿಸ್ಟ್ರೇಟ್ ಜಾನ್ ಲೆ ಮೆಷೂರಿಯೇ. ಅವರು ಧ್ವನಿ ಏರಿಸಲ್ಲ, ಸುಸ್ತಾದವರ ಥರ ನೋಡ್ತಾರೆ ಅಷ್ಟೇ. ನಾನು ಮೂರು ಸಲ ರಿವೈಂಡ್ ಮಾಡಿದೆ.

ಶುರು ಸ್ವಲ್ಪ ನಿಧಾನ. ಹೆಂಗಸರ ಮೇಲಿನ ಕೆಲವು ಜೋಕ್ ಇವತ್ತಿಗೆ ಚುಚ್ಚುತ್ತೆ. 1986ರಲ್ಲಿ ಹಾಲಿವುಡ್‌ನ ‘ರೂತ್‌ಲೆಸ್ ಪೀಪಲ್’ ಇಂಥದ್ದೇ ಕಥೆ ಹೇಳ್ತು. ಡ್ಯಾನಿ ಡಿವಿಟೊ, ಬೆಟ್ ಮಿಡ್ಲರ್ ಇದ್ದಾರೆ, ಹೆಚ್ಚು ಜನ ನೋಡಿರೋದು ಅದನ್ನೇ. ನಂಗೆ ಮಾತ್ರ ಲೂಸಿನೇ ಇಷ್ಟ.

ಒಂದೂವರೆ ಗಂಟೆಯೂ ಇಲ್ಲ ಸಿನಿಮಾ. ಆ ದುಡ್ಡು ಕೊನೆಗೆ ಯಾರಿಗೆ ಸಿಗುತ್ತೆ ಅಂತ ನಾನು ಹೇಳಲ್ಲ, ನೋಡಿ.