ನುಡಿಯುವ ಧೈರ್ಯ



ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹಳ್ಳಿಯ ಮಗು ಒಳ್ಳೆಯ ಅಂಕ ಗಳಿಸಿ ಪಟ್ಟಣದ ವಿಜ್ಞಾನ ಕಾಲೇಜನ್ನು ಸೇರುತ್ತದೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಲೆಕ್ಕ ಬರುತ್ತದೆ, ಉತ್ತರವೂ ಗೊತ್ತಿದೆ. ಆದರೆ ಎದ್ದುನಿಂತು ಹೇಳಲು ಬಾಯಿ ಬರುವುದಿಲ್ಲ. ತಪ್ಪಾದೀತು, ಪಕ್ಕದವರು ನಕ್ಕಾರು ಎಂಬ ಅಂಜಿಕೆ. ಹೀಗೆ ವರ್ಷವಿಡೀ ಮೌನವಾಗಿ ಕುಳಿತ ಮಗು ತಾನು ದಡ್ಡನೆಂದೇ ನಂಬಿಬಿಡುತ್ತದೆ. ಕೆಲವರು ಓದನ್ನೇ ಬಿಟ್ಟು ಊರಿಗೆ ಮರಳುತ್ತಾರೆ. ಇದು ಸಣ್ಣ ಹಾನಿಯಲ್ಲ. ಆದ್ದರಿಂದ ಈ ಅಂಜಿಕೆಯ ಕುರಿತೇ ಇಂದು ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ಮಹಾತ್ಮಾ ಗಾಂಧೀಜಿಯವರು 1888ರಲ್ಲಿ ಓದಲೆಂದು ಲಂಡನ್ನಿಗೆ ಹೋದರು. ಅಲ್ಲಿಯ ಸಸ್ಯಾಹಾರಿಗಳ ಸಂಘದ ಕಾರ್ಯಸಮಿತಿಯಲ್ಲಿದ್ದರೂ ಎದ್ದು ಮಾತಾಡಲು ಅವರಿಗೆ ಧೈರ್ಯ ಸಾಲುತ್ತಿರಲಿಲ್ಲ. ಬರೆದು ತಂದದ್ದನ್ನು ಬೇರೆಯವರು ಓದಬೇಕಾಯಿತು. 1891ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ ಮಿತ್ರರಿಗೆ ಔತಣವಿತ್ತಾಗ, ಸಿದ್ಧಮಾಡಿಕೊಂಡ ಭಾಷಣ ಮೊದಲ ವಾಕ್ಯದಾಚೆಗೆ ಸಾಗಲಿಲ್ಲ. ಅದೇ ಗಾಂಧೀಜಿ ಮುಂದೆ ‘ಯಂಗ್ ಇಂಡಿಯಾ’ ಎಂಬ ಇಂಗ್ಲಿಷ್ ಪತ್ರಿಕೆಯ ಸಂಪಾದಕರಾದರು. ತಮ್ಮ ಸಂಕೋಚವೇ ಮಿತವಾಗಿ ಮಾತಾಡುವುದನ್ನು ಕಲಿಸಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಆತ್ಮಕಥೆಯನ್ನು ಅವರು ಬರೆದದ್ದು ತಾಯ್ನುಡಿಯಾದ ಗುಜರಾತಿಯಲ್ಲಿ. ಇಂಗ್ಲಿಷು ಬಂದಿತು, ತಾಯ್ನುಡಿ ಹೋಗಲಿಲ್ಲ. ಇದನ್ನು ನೀವು ಗಮನಿಸಬೇಕು.

ಇನ್ನೊಂದು ನಿದರ್ಶನ ನಮ್ಮ ನಾಡಿನದೇ. ಜರ್ಮನಿಯ ಫರ್ಡಿನಂಡ್ ಕಿಟೆಲ್ಲರು 1853ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತರ ವಯಸ್ಸನ್ನು ದಾಟಿದ್ದರು. ಹುಟ್ಟಿನಿಂದ ಬಾರದ ಕನ್ನಡವನ್ನು ಕಲಿತರು. 1894ರಲ್ಲಿ ಅವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಪರರು ನಮ್ಮ ನುಡಿಯನ್ನು ಇಷ್ಟು ಕಲಿಯಬಲ್ಲರಾದರೆ ಪರರ ನುಡಿಯನ್ನು ನಾವೇಕೆ ಕಲಿಯಲಾರೆವು?

ತೊಡಕು ಎಲ್ಲಿದೆ ನೋಡೋಣ. ಕನ್ನಡವನ್ನು ಬರೆದಂತೆ ಓದುತ್ತೇವೆ. ಇಂಗ್ಲಿಷು ಹಾಗಲ್ಲ, ‘ನೈಫ್’ ಎಂದು ಬರೆಯುವಾಗ ಮೊದಲಿಗೆ ‘ಕೆ’ ಅಕ್ಷರವಿದೆ, ಉಚ್ಚಾರದಲ್ಲಿಲ್ಲ. ‘ನಾನು ನೀರು ಕುಡಿಯುತ್ತೇನೆ’ ಎಂಬಲ್ಲಿ ಕ್ರಿಯಾಪದ ಕೊನೆಗೆ. ‘ಐ ಡ್ರಿಂಕ್ ವಾಟರ್’ ಎಂಬಲ್ಲಿ ನಡುವೆ. ಕನ್ನಡದಲ್ಲಿ ಯೋಚಿಸಿ ಒಂದೊಂದೇ ಪದವನ್ನು ಮಗುಚಹೋದರೆ ನಾಲಿಗೆ ತಡವರಿಸದೆ ಇನ್ನೇನಾದೀತು? ಆದುದರಿಂದ ಬಿಡಿ ಪದಗಳಿಗಿಂತ ಚಿಕ್ಕ ಚಿಕ್ಕ ವಾಕ್ಯಗಳನ್ನೇ ಬಾಯಿಗೆ ರೂಢಿಮಾಡಿಕೊಳ್ಳಿರಿ. ದಿನಾಲು ಕಾಲು ಗಂಟೆ ಗಟ್ಟಿಯಾಗಿ ಓದಿರಿ. ಆಕಾಶವಾಣಿಯ ಇಂಗ್ಲಿಷ್ ವಾರ್ತೆಯನ್ನು ಕಿವಿಗೊಟ್ಟು ಕೇಳಿರಿ. ಈಗ ಮನೆಮನೆಗೂ ಫೋನಿದೆ; ನಿಮ್ಮ ಮಾತನ್ನು ಅದರಲ್ಲಿ ಮುದ್ರಿಸಿ ನೀವೇ ಕೇಳಿ ತಿದ್ದಿಕೊಳ್ಳಿರಿ. ಮೊದಲು ಒಬ್ಬ ಗೆಳೆಯನೆದುರು, ಆಮೇಲೆ ನಾಲ್ವರೆದುರು, ಅನಂತರ ತರಗತಿಯಲ್ಲಿ ಮಾತಾಡಿರಿ. ‘ಹಿ ಗೋಸ್’ ಎನ್ನುವಲ್ಲಿ ‘ಹಿ ಗೋ’ ಎಂದರೂ ಕೇಳಿದವನಿಗೆ ಅರ್ಥವಾಗುತ್ತದೆ. ಆ ತಪ್ಪನ್ನು ನಾಳೆ ತಿದ್ದಬಹುದು. ಆಡದೆ ಉಳಿದ ಮಾತನ್ನು ಯಾರು ತಿದ್ದಬೇಕು? ಹಾಡುತ್ತ ಹಾಡುತ್ತ ರಾಗವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ತಂದೆ-ತಾಯಿಗಳಿಗೂ ಗುರುಗಳಿಗೂ ಒಂದು ಮಾತು. ಮಗು ತಪ್ಪಾಡಿದಾಗ ನಗಬೇಡಿರಿ. ಒಂದು ನಗೆಯಿಂದ ಮುಚ್ಚಿದ ಬಾಯಿ ಹತ್ತು ಪಾಠಗಳಿಂದ ತೆರೆಯುವುದಿಲ್ಲ. ಮನೆಯಲ್ಲಿ ಕನ್ನಡವನ್ನು ತುಂಬು ಬಾಯಿಂದ ಆಡಲು ಬಿಡಿರಿ. ತನ್ನ ನುಡಿಯಲ್ಲಿ ತನ್ನ ಮನಸ್ಸನ್ನು ತೆರೆದಿಡಬಲ್ಲ ಮಗುವಿಗೆ ಬೇರೆ ನುಡಿಯಲ್ಲಿಯೂ ಹೇಳಬೇಕಾದದ್ದು ಇರುತ್ತದೆ.

ಕಲ್ಯಾಣದ ಅನುಭವ ಮಂಟಪದಲ್ಲಿ ಕಾಯಕಜೀವಿಗಳು ಅಂಜದೆ ನುಡಿದರು. ನಾಡನುಡಿಯಲ್ಲಿ ಹಾಗೆ ನುಡಿದವರ ಪರಂಪರೆಯ ಮಕ್ಕಳು ಯಾವ ನುಡಿಯೆದುರೂ ತಲೆತಗ್ಗಿಸಿ ನಿಲ್ಲಬೇಕಾಗಿಲ್ಲ. ನಾಳೆ ತರಗತಿಯಲ್ಲಿ ಒಂದೇ ಒಂದು ಪ್ರಶ್ನೆಯನ್ನಾದರೂ ಎದ್ದುನಿಂತು ಕೇಳಿರಿ. ಅದೇ ನೀವು ನಮಗೆ ಸಲ್ಲಿಸುವ ಕಾಣಿಕೆ.