ರೇಖೆಯೂ ವಿಚಾರವೂ
(ಶಾಲೆಯ ಚಿತ್ರಕಲಾ ಪ್ರದರ್ಶನದ ಸಮಾರಂಭದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ನಮ್ಮ ಮಕ್ಕಳ ಚಿತ್ರಗಳನ್ನು ತಾವೆಲ್ಲರೂ ಈಗತಾನೆ ಅಕ್ಕರೆಯಿಂದ ನೋಡಿ ಬಂದಿದ್ದೀರಿ. ಆದರೆ ಒಂಬತ್ತನೆಯ ಇಯತ್ತೆಯಲ್ಲಿ ಚಿತ್ರಕಲೆಯ ತಾಸನ್ನು ತೆಗೆದು ಗಣಿತಕ್ಕೆ ಕೊಡಬೇಕೆಂದು ಕೆಲವು ಪಾಲಕರು ಕೇಳಿಕೊಂಡಿದ್ದಾರೆ. ಮಂಡಳಿಯು ಮುಂದಿನ ಸಭೆಯಲ್ಲಿ ಇದನ್ನು ನಿರ್ಣಯಿಸಲಿದೆ. ಅವರ ಕಳಕಳಿಯನ್ನು ನಾವು ಬಲ್ಲೆವು. ಆ ಇಯತ್ತೆಗೆ ಗಣಿತವನ್ನು ಕಲಿಸುವವರು ನಾವೇ. ಆದ್ದರಿಂದಲೇ ನಮ್ಮದೊಂದು ತಪ್ಪನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕಾಗಿದೆ.

ಹಿಂದೊಮ್ಮೆ ಇಂಥದೊಂದು ಲೆಕ್ಕವನ್ನು ಕೊಟ್ಟಿದ್ದೆವು: ಒಂದು ನಳ ತೊಟ್ಟಿಯನ್ನು 4 ತಾಸಿನಲ್ಲಿ ತುಂಬುವದು, ಇನ್ನೊಂದು 6 ತಾಸಿನಲ್ಲಿ ಬರಿದುಮಾಡುವದು, ಎರಡನ್ನೂ ಒಮ್ಮೆಲೇ ತೆರೆದರೆ ಬರಿದಾದ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ನಾವು ಹಲಗೆಯ ಮೇಲೆ ಭಿನ್ನರಾಶಿಗಳನ್ನು ಬರೆಯುತ್ತಿರಲು, ಹಿಂದಿನ ಬೆಂಚಿನ ಬಾಲಕನೊಬ್ಬ ಚಿತ್ರ ತೆಗೆಯುತ್ತ ಕುಳಿತಿದ್ದ. ಗದರಿಸಿ ವಹಿಯನ್ನು ಕಸಿದುಕೊಂಡೆವು. ಸಂಜೆ ಅದನ್ನು ತೆರೆದು ನೋಡಿದಾಗ ನಾಚಿಕೆಯಾಯಿತು. ಆತ ಮೊದಲು ತೊಟ್ಟಿಯೊಂದನ್ನು ಬರೆದು 10 ಭಾಗ ಮಾಡಿ, ಅದನ್ನು ಹೊಡೆದುಹಾಕಿದ್ದ. ಪಕ್ಕದಲ್ಲಿ 12 ಭಾಗಗಳ ಇನ್ನೊಂದು ತೊಟ್ಟಿ. ತಾಸಿಗೆ 3 ಭಾಗ ಒಳಗೆ, 2 ಭಾಗ ಹೊರಗೆ, ಉಳಿಯುವದು 1. ಉತ್ತರ 12 ತಾಸು. ಹತ್ತು ಭಾಗಗಳು ನಾಲ್ಕಕ್ಕೂ ಆರಕ್ಕೂ ಸರಿಯಾಗಿ ಹಂಚಲಾರವೆಂಬುದನ್ನು ಅವನಿಗೆ ತೋರಿಸಿದ್ದು ನಾವಲ್ಲ. ಹೊಡೆದುಹಾಕಿದ ಆ ಚಿತ್ರ. ಮರುದಿನ ಅವನಿಂದಲೇ ಹಲಗೆಯ ಮೇಲೆ ಅದನ್ನು ಬರೆಯಿಸಿದೆವು. ಭಿನ್ನರಾಶಿಗೆ ಬೆದರುತ್ತಿದ್ದ ಹಲವರಿಗೆ ಲೆಕ್ಕ ಅಂದು ತಿಳಿಯಿತು.

ಚಿತ್ರವೆಂದರೆ ಮುಗಿದ ವಿಚಾರಕ್ಕೆ ತೊಡಿಸುವ ಅಲಂಕಾರವೆಂದು ನಾವು ಭಾವಿಸಿದ್ದೆವು. ಹಾಗಲ್ಲ, ವಿಚಾರವು ರೂಪುಗೊಳ್ಳುವ ಬಗೆಗಳಲ್ಲಿ ಅದೂ ಒಂದು. ಮನಸ್ಸಿನಲ್ಲಿ ಮಸುಕಾಗಿದ್ದುದನ್ನು ಕೈ ಕಾಗದಕ್ಕೆ ಇಳಿಸುವದು; ಕಣ್ಣು ಅದರ ಕುಂದನ್ನು ಹಿಡಿಯುವದು; ಕೈ ಮತ್ತೆ ತಿದ್ದುವದು. ಸೊಲ್ಲಾಪುರದ ನೇಕಾರಿಕೆಯನ್ನು ಬಲ್ಲ ನಮಗಿದು ಹೊಸದಲ್ಲ. ಜಕಾರ್ಡ್ ಮಗ್ಗದ ಚಾದರಿಗೆ ಮೊದಲು ಚೌಕುಳಿ ಕಾಗದದ ಮೇಲೆ ನಮೂನೆ ತೆಗೆಯುವರು. ಒಂದೊಂದು ಮನೆಯೂ ಹಾಸು ಹೊಕ್ಕುಗಳು ಕೂಡುವ ಒಂದೊಂದು ಸ್ಥಾನ. ಹೂವಿನ ಅಂಚು ಒರಟಾದರೆ ಕಾಗದದಲ್ಲಿಯೇ ತಿದ್ದಬಹುದು. ರಟ್ಟಿಗೆ ರಂಧ್ರ ಬಿದ್ದು ನೂಲು ಓಡಿದ ಮೇಲೆ ತಿದ್ದುವದು ದುಬಾರಿ.

ದೊಡ್ಡವರ ದಾರಿಯೂ ಇದೇ. 1837ರಲ್ಲಿ ಡಾರ್ವಿನ್ ತನ್ನ ಟಿಪ್ಪಣಿ ಪುಸ್ತಕದ ಪುಟವೊಂದರಲ್ಲಿ ಕವಲೊಡೆದ ಒಂದು ಪುಟ್ಟ ಗಿಡವನ್ನು ಗೀಚಿದ. ಜೀವಜಾತಿಗಳು ಒಂದೇ ಮೂಲದಿಂದ ಕವಲೊಡೆದ ಬಗೆಯನ್ನು ಆತ ಅಲ್ಲಿ ಪರೀಕ್ಷಿಸುತ್ತಿದ್ದ. ಅವನ ಮಹಾಗ್ರಂಥ ಪ್ರಕಟವಾದದ್ದು 22 ವರ್ಷಗಳ ತರುವಾಯ, 1859ರಲ್ಲಿ. ಅದರಲ್ಲಿದ್ದ ಏಕಮಾತ್ರ ಚಿತ್ರವೂ ಕವಲುಗಳದ್ದೇ.

ಸಿಡ್ನಿ ನಗರದ ಆಪೆರಾ ಭವನದ ಕಥೆ ಇನ್ನೂ ಬೋಧಪ್ರದವಾದದ್ದು. 1957ರ ಸ್ಪರ್ಧೆಯಲ್ಲಿ ಡೆನ್ಮಾರ್ಕಿನ ಶಿಲ್ಪಿ ಯೋರ್ನ್ ಉಟ್ಜೋನ್ ಗೆದ್ದುದು ಹಾಯಿಗಳಂಥ ಛಾವಣಿಗಳ ರೇಖಾಚಿತ್ರಗಳಿಂದ. ಆ ಬಾಗುಗಳಿಗೆ ನಿಶ್ಚಿತವಾದ ಗಣಿತವಿರಲಿಲ್ಲ. ಕಟ್ಟುವ ಉಪಾಯವೂ ತೋರಲಿಲ್ಲ. ಆತನೂ ಇಂಜಿನಿಯರರೂ ವರ್ಷಗಟ್ಟಲೆ ಬೇರೆ ಬೇರೆ ಆಕೃತಿಗಳನ್ನು ಬರೆದು ಕೈಬಿಟ್ಟರು. 1961ರ ಸುಮಾರಿಗೆ ಪರಿಹಾರ ದೊರೆಯಿತು: ಎಲ್ಲ ಛಾವಣಿಗಳನ್ನೂ ಒಂದೇ ಗೋಲದ ಮೈಯಿಂದ ಕತ್ತರಿಸಿದ ತುಂಡುಗಳೆಂದು ಎಣಿಸುವದು. ಬಾಗು ಒಂದೇ ಆದುದರಿಂದ ಅದೇ ಅಚ್ಚುಗಳಲ್ಲಿ ಮತ್ತೆ ಮತ್ತೆ ಕಾಂಕ್ರೀಟಿನ ಭಾಗಗಳನ್ನು ಎರಕ ಹೊಯ್ಯಬಹುದಾಯಿತು. ಉಟ್ಜೋನ್ 1966ರಲ್ಲಿ ಕೆಲಸವನ್ನು ತೊರೆಯಬೇಕಾಯಿತಾದರೂ ಭವನವು 1973ರಲ್ಲಿ ತೆರೆಯಿತು. ಇಲ್ಲಿ ಚಿತ್ರವು ಗಣಿತವನ್ನು ಕೆಡಿಸಲಿಲ್ಲ, ಬೇಡಿ ಬರಮಾಡಿಕೊಂಡಿತು.

ಎಲ್ಲರೂ ಚಿತ್ರಕಾರರಾಗಬೇಕೆಂದು ನಾವು ಹೇಳುವದಿಲ್ಲ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳ ಅಂಕಗಳಿಗಾಗಿಯೂ ಈ ಮಾತಲ್ಲ. ನಮ್ಮ ಮಕ್ಕಳು ಮನೆಯಲ್ಲೊಂದು, ಓಣಿಯಲ್ಲೊಂದು, ಶಾಲೆಯಲ್ಲೊಂದು ಭಾಷೆಯ ನಡುವೆ ಬೆಳೆಯುವವರು. ಮಾತು ತಡವರಿಸಿದಲ್ಲಿ ರೇಖೆಯು ಅವರ ವಿಚಾರವನ್ನು ಮುಂದಕ್ಕೆ ನಡೆಸಬಲ್ಲದು. ಹೊಡೆದುಹಾಕಿದ ಚಿತ್ರಕ್ಕೆ ಅಂಜದ ಮಗು ತಪ್ಪಿದ ಲೆಕ್ಕಕ್ಕೂ ಅಂಜದು.

ಆದುದರಿಂದ ಆ ತಾಸನ್ನು ಉಳಿಸಿಕೊಡಬೇಕೆಂದು ಮಂಡಳಿಗೆ ನಮ್ಮ ವಿನಂತಿ. ಗಣಿತಕ್ಕೆ ಹೆಚ್ಚಿನ ವೇಳೆ ಬೇಕಾದಲ್ಲಿ ಶಾಲೆ ಬಿಟ್ಟ ಮೇಲೆ ದಿನಕ್ಕೆ ಅರ್ಧ ತಾಸು ನಾವೇ ನಿಂತು ಕಲಿಸುವೆವು.