ವಸ್ತುಸಂಗ್ರಹಾಲಯಕ್ಕೆ ಹೊರಡುವ ಮುನ್ನ

(ನಮ್ಮ ಉಚಿತ ವಾಚನಾಲಯದ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ಬರುವ ತಿಂಗಳ ಒಂದು ಭಾನುವಾರ ನಮ್ಮ ಬಳಗವೆಲ್ಲ ಸೇರಿ ಭಾಯಖಳಾದಲ್ಲಿರುವ ಡಾಕ್ಟರ್ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವನ್ನು ನೋಡಿಬರುವುದೆಂದು ನಿಶ್ಚಯವಾಗಿದೆ. ಅದಕ್ಕೆ ಮೊದಲು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಇತಿಹಾಸದ ಪಂಡಿತನಲ್ಲ. ಕಾರ್ಖಾನೆಯೊಂದರ ಸ್ಟೋರಿನಲ್ಲಿ ಲೆಕ್ಕ ಬರೆಯುವವನು. ಆದರೆ ಈ ಸಂಗ್ರಹಾಲಯಕ್ಕೆ ಮೂರು ಸಲ ಹೋಗಿ, ಅದರಲ್ಲಿ ಎರಡು ಸಲ ಕೆಟ್ಟು ಬಂದವನು. ಆ ಕೆಟ್ಟ ಕಥೆಯನ್ನು ಹೇಳುವುದಷ್ಟೇ ನನಗಿರುವ ಅಧಿಕಾರ.

ಮೊದಲನೆಯ ಸಲ ಹೋದದ್ದು ಬುಧವಾರ. ಆಗ ನನ್ನ ವಾರದ ರಜೆ ಬುಧವಾರ ಬರುತ್ತಿತ್ತು. ರಜೆ ನನಗೆ ಮಾತ್ರವಲ್ಲ, ಸಂಗ್ರಹಾಲಯಕ್ಕೂ ಬುಧವಾರವೇ ರಜೆ ಎಂಬುದು ಬಾಗಿಲ ಮುಂದೆ ನಿಂತಾಗ ತಿಳಿಯಿತು. ಎರಡನೆಯ ಸಲ ಭಾನುವಾರ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋದೆ. ಹಣ ಕೊಟ್ಟು ಬಂದಿದ್ದೇವೆ, ಒಂದನ್ನೂ ಬಿಡಬಾರದೆಂದು ಮಕ್ಕಳ ಕೈ ಹಿಡಿದು ಎಳೆದಾಡಿದೆ. ಮನೆಗೆ ಬಂದಾಗ ಎಲ್ಲರಿಗೂ ಕಾಲುನೋವು. ಊರಿನಿಂದ ಬಂದಿದ್ದ ನಮ್ಮವ್ವ, “ಏನೇನ ನೋಡಿದ್ರಿಪಾ?” ಎಂದು ಕೇಳಿದಳು. “ಭಾಳ ಇತ್ತವ್ವಾ” ಎಂದೆ. “ಭಾಳ ಅಂದ್ರ ಏನ?” ಎಂದಳು. ಒಬ್ಬರ ಬಾಯಿಂದಲೂ ಉತ್ತರ ಹೊರಡಲಿಲ್ಲ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಕೋಶವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಉಸಿರಿಗೆ ಯಾರೂ ಓದುವುದಿಲ್ಲ. ಬೇಕಾದ ಶಬ್ದವನ್ನು ಹುಡುಕಿ ನೋಡುತ್ತಾರೆ. ವಸ್ತುಸಂಗ್ರಹಾಲಯವೂ ಹಾಗೆಯೇ. ವಾರಕ್ಕೊಂದೇ ರಜೆ ಇರುವ ನಾವು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು, ಮೂರು ವಸ್ತುಗಳನ್ನು ನಿಂತು ನೋಡಬೇಕು, ಉಳಿದುದನ್ನು ಮುಂದಿನ ಸಲಕ್ಕೆ ಬಿಡಬೇಕು.

ಯಾವ ಪ್ರಶ್ನೆ? ಇಲ್ಲಿಗೆ ಬಂದು ಇಪ್ಪತ್ತು ವರ್ಷವಾದರೂ ಗಾಡಿಯಲ್ಲಿ ಪಕ್ಕದವರು “ಗಾವ್ ಕುಠಲಾ?” ಎಂದು ಕೇಳಿದರೆ ನಾವು ಇಂಡಿ, ಸಿಂದಗಿ, ಯಾದಗಿರಿ, ಕುಂದಾಪುರ ಎನ್ನುತ್ತೇವೆ. ತಪ್ಪೇನಿಲ್ಲ. ಆದರೆ ದುಡಿಯುವ ಊರು ನಮ್ಮದಲ್ಲ, ನಮ್ಮ ಊರಿನಲ್ಲಿ ದುಡಿಮೆಯಿಲ್ಲ ಎಂಬ ಕೊರಗು ನಮ್ಮಲ್ಲಿ ಅನೇಕರಿಗೆ ಉಂಟು. ಆದಕಾರಣ ಈ ಪ್ರಶ್ನೆಯನ್ನು ಒಯ್ಯೋಣ: ಈ ನಗರವನ್ನು ಕಟ್ಟಿದವರು ಯಾರು?

ಇನ್ನು ಪ್ರಯಾಣದ ವಿಷಯ. ರಬಾಳೆಯಿಂದ ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ಭಾಯಖಳಾದಲ್ಲಿ ಇಳಿಯುವುದು. ಭಾನುವಾರ ಹಗಲಿನಲ್ಲಿ ಮೆಗಾಬ್ಲಾಕಿನ ಕಾಟ ನಿಮಗೆ ಗೊತ್ತೇ ಇದೆ; ಶನಿವಾರವೇ ಅದನ್ನು ವಿಚಾರಿಸಿಕೊಂಡು, ಎಂಟೂವರೆಯ ಹೊತ್ತಿಗೆ ಹೊರಟುಬಿಡುವುದು ಕ್ಷೇಮ. ದುರಸ್ತಿಗೆಂದು ಸಂಗ್ರಹಾಲಯವನ್ನು ಮುಚ್ಚಿಡುವುದೂ ಉಂಟು. ಆದ್ದರಿಂದ ತೆರೆದಿದೆಯೇ, ಟಿಕೆಟು ಎಷ್ಟು ಎಂದು ಮುಂಚೆ ಫೋನಿನಲ್ಲಿ ಕೇಳಿಕೊಳ್ಳುವ ಹೊಣೆ ಒಬ್ಬರ ಮೇಲಿರಲಿ. ಬುತ್ತಿಯ ಗಂಟನ್ನು ಒಳಗೆ ಬಿಚ್ಚುವಂತಿಲ್ಲ. ದೊಡ್ಡ ಚೀಲಗಳನ್ನು ತರಬೇಡಿರಿ. ಅದೇ ರಾಣಿಬಾಗಿನಲ್ಲಿ ಪ್ರಾಣಿಸಂಗ್ರಹಾಲಯವೂ ಇದೆ, ಪೆಂಗ್ವಿನ್ ಹಕ್ಕಿಗಳೂ ಇವೆ. ಮಕ್ಕಳು ಮೊದಲು ಅತ್ತ ಓಡಿದರೆ ಮತ್ತೆ ಇತ್ತ ಬರುವುದಿಲ್ಲ. ಮೊದಲು ಸಂಗ್ರಹಾಲಯ, ಆಮೇಲೆ ಪ್ರಾಣಿಗಳು ಎಂದು ಮನೆಯಲ್ಲಿಯೇ ಕರಾರು ಮಾಡಿಕೊಳ್ಳಿರಿ.

ನಿಜವಾಗಿ ನಮ್ಮ ನೋಟ ಠಾಣೆ ಸ್ಟೇಷನ್ನಿನಲ್ಲಿಯೇ ಆರಂಭವಾಗಬೇಕು. ಭಾರತದಲ್ಲಿ ಪ್ರಯಾಣಿಕರ ಮೊದಲ ರೈಲುಗಾಡಿ 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ, ಸುಮಾರು 34 ಕಿಲೋಮೀಟರು ಓಡಿತು. ನಾವು ನಿತ್ಯ ನೂಕುನುಗ್ಗಲಿನಲ್ಲಿ ಶಪಿಸುತ್ತ ಹೋಗುವ ದಾರಿ ಅದೇ. ಮಕ್ಕಳಿಗೆ ಇದನ್ನು ಗಾಡಿಯಲ್ಲಿಯೇ ಹೇಳಿರಿ.

ಒಳಗೆ ಹೋಗುವ ಮುಂಚೆ, ಹೊರಗೆ ತೋಟದಲ್ಲಿ ನಿಂತ ಕಲ್ಲಾನೆಯನ್ನು ನೋಡಬೇಕು. ಇದೇ ನಮ್ಮ ಮೊದಲ ವಸ್ತು. ಘಾರಾಪುರಿ ದ್ವೀಪದಲ್ಲಿ ನಿಂತಿದ್ದ ಈ ಆನೆಯನ್ನು ಕಂಡೇ ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಎಂದು ಕರೆದರು. 1864ರಲ್ಲಿ ಇದನ್ನು ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಕ್ರೇನು ಮುರಿದು ಆನೆ ಬಿದ್ದು ಚೂರಾಯಿತು. ಚೂರುಗಳನ್ನು ಈ ತೋಟಕ್ಕೆ ತಂದರು. 1914ರಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ನಮ್ಮಲ್ಲಿ ಕ್ರೇನಿನ ಕೆಲಸ ಮಾಡುವವರಿದ್ದಾರೆ. ಜೋಡಿಸಿದ ಗುರುತು ಎಲ್ಲಿ ಕಾಣುತ್ತದೆಂದು ಅವರು ನಮಗೆ ತೋರಿಸಲಿ.

ಈ ಆನೆಯ ಎದುರು ಇನ್ನೊಂದು ಮಾತು ನೆನೆಯಬೇಕು. ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ಶಾಸನವೊಂದಿದೆ; ರವಿಕೀರ್ತಿ ಎಂಬ ಕವಿ ರಚಿಸಿದ್ದು. ನಮ್ಮ ಇಮ್ಮಡಿ ಪುಲಿಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ಪಡುಗಡಲಿನ ಪುರಿ ಎಂಬ ನಗರವನ್ನು ನೂರಾರು ಹಡಗುಗಳಿಂದ ಮುತ್ತಿದ ಸಂಗತಿ ಅದರಲ್ಲಿದೆ. ಆ ಪುರಿ ಎಲ್ಲಿತ್ತೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಘಾರಾಪುರಿಯೇ ಎನ್ನುವವರು ಹಲವರು. ಎಲ್ಲಿಯೇ ಇರಲಿ, ಬಾದಾಮಿಯವರು ಈ ಕರಾವಳಿಗೆ ಹೊಸಬರಲ್ಲ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಆಗ ಕತ್ತಿ ಹಿಡಿದು ಬಂದರು, ಈಗ ಬುತ್ತಿ ಹಿಡಿದು ಬಂದಿದ್ದೇವೆ. ಬುತ್ತಿ ಹಿಡಿದು ಬಂದುದೇ ಮೇಲು.

ಎರಡನೆಯದು, ಒಳಗೆ ಮೇಲಂತಸ್ತಿನಲ್ಲಿರುವ ಮುಂಬಯಿ ವಿಭಾಗ. ಹಳೆಯ ನಕ್ಷೆಗಳು, ಹಡಗಿನ ಮಾದರಿಗಳು, ಬಗೆಬಗೆಯ ಜನರ ಮಣ್ಣಿನ ಬೊಂಬೆಗಳು ಅಲ್ಲಿವೆ. ಏಳು ದ್ವೀಪಗಳ ನಡುವಿನ ಕಡಲನ್ನು ತುಂಬಿ ನಗರ ಮಾಡಿದ ಕಥೆ ನಕ್ಷೆಗಳಿಂದ ತಿಳಿಯುತ್ತದೆ. ಬೊಂಬೆಗಳ ಮುಂದೆ ನಿಂತು ಅವರ ಉಡುಪನ್ನೂ ಕೈಯಲ್ಲಿರುವುದನ್ನೂ ನೋಡಿ, ಇವರಲ್ಲಿ ಇಲ್ಲಿಯೇ ಹುಟ್ಟಿದವರು ಯಾರು, ವಲಸೆ ಬಂದವರು ಯಾರು ಎಂದು ಮಕ್ಕಳನ್ನು ಕೇಳಿರಿ. ಕೋಳಿಗಳೂ ಆಗರಿಗಳೂ ಇಲ್ಲಿಯ ಹಳಬರು. ಉಳಿದ ಬಹುಮಂದಿ ಒಂದಲ್ಲ ಒಂದು ಕಾಲದಲ್ಲಿ ಗಂಟು ಹೊತ್ತು ಬಂದವರು.

ಮೂರನೆಯದು, ಬಾಗಿಲ ಮೇಲಿನ ಹೆಸರು. 1872ರಲ್ಲಿ ತೆರೆದಾಗ ಇದು ವಿಕ್ಟೋರಿಯಾ ರಾಣಿಯ ಮತ್ತು ಆಲ್ಬರ್ಟ್ ರಾಜಕುಮಾರನ ಹೆಸರಿನ ಸಂಗ್ರಹಾಲಯ. 1975ರಲ್ಲಿ ಭಾವು ದಾಜಿಯವರ ಹೆಸರು ಬಂತು. ಅವರು ಗೋವೆಯ ಬಡ ಮನೆತನದಲ್ಲಿ ಹುಟ್ಟಿ ಮುಂಬಯಿಗೆ ಬಂದವರು. ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ತಂಡದಲ್ಲಿ ಓದಿ ವೈದ್ಯರಾದವರು. ಬಡವರಿಗೆ ಪುಕ್ಕಟೆ ಔಷಧ ಕೊಟ್ಟವರು. ಹಳೆಯ ಶಾಸನಗಳನ್ನು ಓದಿದವರು. ಈ ಸಂಗ್ರಹಾಲಯ ಏಳುವುದಕ್ಕೆ ದುಡಿದವರು. ಹೊಟ್ಟೆಪಾಡಿಗೆ ಬಂದ ಮನೆಯ ಹುಡುಗನ ಹೆಸರು ರಾಣಿಯ ಹೆಸರಿದ್ದ ಜಾಗದಲ್ಲಿ ಬಂದು ಕುಳಿತಿತು. ನನ್ನ ಪ್ರಶ್ನೆಗೆ ಉತ್ತರ ಮೂರನೆಯ ಸಲ ಅಲ್ಲಿಯೇ ಸಿಕ್ಕಿತು.

ಇವು ಮೂರು ಸಾಕು. ಹೊತ್ತು ಉಳಿದರೆ ಕೆಳಗಿನ ಕಲಾಕೌಶಲದ ವಸ್ತುಗಳ ನಡುವೆ ನಮ್ಮ ಬೀದರಿನ ಬಿದ್ರಿ ಕೆಲಸ ಇದೆಯೇ ಎಂದು ಹುಡುಕಿರಿ. ಕಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಕಂಡರೆ ಅದೇ. ಕೋಟೆಯ ಕಕ್ಷೆಯ ಹೆಸರಾಂತ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವನ್ನು ಅದೇ ದಿನ ಮುಗಿಸುವ ಆಸೆ ಬೇಡ. ಅಲ್ಲಿ ಐಹೊಳೆಯಿಂದ ಬಂದ ಏಳನೆಯ ಶತಮಾನದ ಬ್ರಹ್ಮನ ಶಿಲ್ಪವಿದೆ. ವಿಜಾಪುರ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ನಮ್ಮ ಜನರಂತೆ ನಮ್ಮ ಕಲ್ಲೂ ಇತ್ತ ಬಂದಿತು. ಅವನನ್ನು ಕಾಣಲು ಇನ್ನೊಂದು ಭಾನುವಾರವನ್ನೇ ತೆಗೆದಿಡೋಣ.

ಕೊನೆಯದಾಗಿ ಒಂದು ಬಿನ್ನಹ. ಗಾಜಿನ ಪೆಟ್ಟಿಗೆಯಲ್ಲಿರುವ ವಸ್ತುಗಳು ತಾವಾಗಿ ಉಳಿದವಲ್ಲ, ಯಾರೋ ಎತ್ತಿಟ್ಟರು, ಉಳಿದವು. ರಬಾಳೆಯ ಕಾರ್ಖಾನೆಗಳಲ್ಲಿ, ಹೋಟೆಲುಗಳಲ್ಲಿ, ಕಟ್ಟಡದ ಕೆಲಸದಲ್ಲಿ ಬೆವರು ಸುರಿಸಿದ ನಮ್ಮವರ ಗುರುತನ್ನು ಎತ್ತಿಟ್ಟವರು ಯಾರು? ತಿರುಗಿ ಬಂದ ಮೇಲೆ ವಾಚನಾಲಯದ ಮೇಜಿನ ಮೇಲೆ ಒಂದು ದಪ್ಪ ವಹಿಯನ್ನು ಇಡುತ್ತೇವೆ. ತಾವು ಕಂಡ ಒಂದು ವಸ್ತುವಿನ ವಿಷಯವನ್ನೂ, ತಾವು ಈ ಊರಿಗೆ ಬಂದ ಮೊದಲ ದಿನದ ವಿಷಯವನ್ನೂ ಪ್ರತಿಯೊಬ್ಬರೂ ಒಂದೊಂದು ಪುಟ ಬರೆಯಬೇಕು. ಬರೆಯಲು ಬಾರದವರು ಹೇಳಲಿ, ನಾನು ಬರೆದುಕೊಳ್ಳುತ್ತೇನೆ. ಲೆಕ್ಕ ಬರೆಯುವುದೇ ನನ್ನ ಕಸುಬು. ಮೊದಲ ರೈಲು ಪಾಸು, ಊರಿನಿಂದ ಬಂದ ಹಳೆಯ ಕಾಗದ, ಮೊದಲ ಸಂಬಳದ ಚೀಟಿ ಯಾರಲ್ಲಾದರೂ ಉಳಿದಿದ್ದರೆ ರದ್ದಿಗೆ ಹಾಕದೆ ತಂದು ತೋರಿಸಿರಿ.

ಭಾನುವಾರ ಬೆಳಿಗ್ಗೆ ಎಂಟೂಕಾಲಿಗೆ ರಬಾಳೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹತ್ತಿರ ಸೇರೋಣ. ಮನೆಯಲ್ಲಿರುವ ಅವ್ವಂದಿರು ಸಂಜೆ “ಏನೇನ ನೋಡಿದ್ರಿ?” ಎಂದು ಕೇಳಿಯೇ ಕೇಳುತ್ತಾರೆ. ಈ ಸಲ ಉತ್ತರ ಹೇಳೋಣ.